ಇವತ್ತು ಯಾರು ಬಂದಿದ್ರು?

"ಮತ್ತೆ ಮೊದಲಿಂದ ಹೇಳಮ್ಮ," ಎಂದಳು ಚೂಟಿ.

ಅಮ್ಮನ ಎರಡೂ ಕಾಲು ನೀಲಿ ಟಬ್ಬಿನೊಳಗಿದ್ದವು. ಬಿಸಿನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದಳು.

"ಬೀಸುವ ಕಲ್ಲು," ಅಮ್ಮ ಶುರು ಮಾಡಿದಳು. "ಇದು ಧಾನ್ಯವನ್ನು ಹಿಟ್ಟು ಮಾಡಲು ಬಳಸುತ್ತಿದ್ದ ಸಾಧನ. ಇದರಲ್ಲಿ ಎರಡು ಭಾಗಗಳಿವೆ. ಮೇಲಿನ ಭಾಗ... ಮೇಲಿನ ಭಾಗ ಮೇಲಿದೆ."

"ಅಮ್ಮಾ."

"ಮತ್ತೇನು, ಕೆಳಗಿದೆಯಾ?"

ಬೇರೆ ದಿನವಾಗಿದ್ದರೆ ಚೂಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಇವತ್ತು ಬುಧವಾರ. ನಾಡಿದ್ದು ಶುಕ್ರವಾರ.

ಚೂಟಿಯ ಅಮ್ಮನಿಗೆ ಮ್ಯೂಸಿಯಂನಲ್ಲಿ ಕೆಲಸ. ನಾಲ್ಕನೇ ಕೋಣೆಯ ಕಾವಲು. ರಾಜರ ಕತ್ತಿ, ಕಿರೀಟ ಎಲ್ಲ ಒಂದನೇ ಕೋಣೆಯಲ್ಲಿದ್ದವು, ಜನ ಅಲ್ಲೇ ಫೋಟೊ ಹೊಡೆಸಿಕೊಂಡು ಸುಸ್ತಾಗಿ ಹೊರಟುಬಿಡುತ್ತಿದ್ದರು. ನಾಲ್ಕನೇ ಕೋಣೆಯಲ್ಲಿ ಇದ್ದದ್ದು ಬರೀ ಹಳೆ ಮನೆ ಸಾಮಾನು. ಬೀಸುವ ಕಲ್ಲು, ಇದ್ದಲು ಹಾಕುವ ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಷೀನು, ತೊಟ್ಟಿಲು, ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು. ಎಲ್ಲದರ ಮುಂದೆಯೂ ಕೆಂಪು ಹಗ್ಗ. ಬಾಗಿಲ ಪಕ್ಕದಲ್ಲಿ ಅಮ್ಮ.

ಹದಿನಾಲ್ಕು ವರ್ಷಗಳಿಂದ ಅಮ್ಮ ಅಲ್ಲಿ ನಿಂತಿದ್ದಳು. ಹೌದು, ನಿಂತೇ ಇದ್ದಳು. ಕೂತರೆ ಕಾವಲಿನವರಿಗೆ ನಿದ್ದೆ ಬರುತ್ತದೆ ಎಂದು ಹಿಂದೆ ಯಾರೋ ಒಬ್ಬ ಸಾಹೇಬರು ಕುರ್ಚಿಗಳನ್ನು ತೆಗೆಸಿದ್ದರಂತೆ. ಆ ಸಾಹೇಬರು ತಾವು ಮಾತ್ರ ಮೆತ್ತನೆ ಕುರ್ಚಿಯಲ್ಲಿ ಕೂತು ಕೂತು ರಿಟೈರ್ ಆಗಿ ಹೋದರು. ರೂಲ್ ಉಳಿಯಿತು. ಅಮ್ಮ ನಿಲ್ಲುವ ಕಡೆ ಮರದ ನೆಲದ ಪಾಲಿಶ್ ಸವೆದು, ಎರಡು ಪಾದದಷ್ಟು ಜಾಗ ಬಿಳಚಿಕೊಂಡಿತ್ತು.

ಈ ಹದಿನಾಲ್ಕು ವರ್ಷಗಳಲ್ಲಿ ಅಮ್ಮ ಅಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತು ಒಂದೇ. "ಮುಟ್ಟಬೇಡಿ." ಮನೆಯಲ್ಲೂ ಅದೇ ಬಾಯಿಗೆ ಬರುತ್ತಿತ್ತು. ಒಂದು ಸಲ ಅಪ್ಪ ಲಾರಿ ಕೆಲಸ ಮುಗಿಸಿ ಹತ್ತು ದಿನದ ಮೇಲೆ ಮನೆಗೆ ಬಂದು ನೀರಿನ ಲೋಟಕ್ಕೆ ಕೈ ಹಾಕಿದಾಗ, "ಮುಟ್ಟಬೇಡಿ" ಎಂದುಬಿಟ್ಟಿದ್ದಳು.

ಈಗ ಆ ಮಾತಿಗೇ ಕುತ್ತು ಬಂದಿತ್ತು.

ಮೂರು ತಿಂಗಳ ಹಿಂದೆ ಮ್ಯೂಸಿಯಂಗೆ ಹೊಸ ಮೇಡಂ ಬಂದಿದ್ದರು. ಹೋದ ವಾರ ಅವರು ಎಲ್ಲರನ್ನೂ ಕರೆದು ಹೇಳಿದರು. "ಇಷ್ಟು ದೊಡ್ಡ ಕಟ್ಟಡ ಇದೆ, ಜನಾನೇ ಬರ್ತಿಲ್ಲ. ಇದರಿಂದ ಯಾರಿಗೆ ಏನು ಉಪಯೋಗ ಅಂತ ಮೇಲಿನವರು ಕೇಳ್ತಿದಾರೆ. ನನ್ನ ಹತ್ರ ಉತ್ತರ ಇಲ್ಲ. ಇನ್ಮೇಲೆ ನಾಲ್ಕನೇ ಕೋಣೇಲಿ ಹಗ್ಗ ಬೇಡ. ಜನ ಮುಟ್ಟಲಿ, ಕೇಳಲಿ, ಮಾತಾಡಲಿ. ನಮಗೆ ಬೇಕಾಗಿರೋದು ಕಾವಲಿನವರಲ್ಲ, ವಿವರಿಸಿ ಹೇಳೋರು."

ಶುಕ್ರವಾರ ಒಂದು ಶಾಲೆಯ ಮಕ್ಕಳು ಬರುತ್ತಾರೆ, ಅಮ್ಮ ಅವರಿಗೆ ವಿವರಿಸಬೇಕು. ಸರಿಯಾಗಿ ಹೇಳಿದರೆ ಅಮ್ಮ ಅಲ್ಲೇ ಇರಬಹುದು. ಇಲ್ಲದಿದ್ದರೆ ಊರಾಚೆ ಇರುವ ಮ್ಯೂಸಿಯಂನ ಉಗ್ರಾಣಕ್ಕೆ ಹೋಗಬೇಕು. ಅಲ್ಲಿಗೆ ಎರಡು ಬಸ್ಸು. ಮನೆಗೆ ಬರುವಾಗ ರಾತ್ರಿ ಎಂಟು.

ಚೂಟಿಯ ಶಾಲೆ ಮ್ಯೂಸಿಯಂ ಎದುರಿಗೇ ಇತ್ತು. ದಿನಾ ಶಾಲೆ ಬಿಟ್ಟ ಮೇಲೆ ರಸ್ತೆ ದಾಟಿ ಅಮ್ಮನ ಕೋಣೆಗೆ ಹೋಗುವುದು, ಕಿಟಕಿಯ ಕೆಳಗೆ ಕೂತು ಹೋಮ್‌ವರ್ಕ್ ಮಾಡುವುದು, ಐದೂವರೆಗೆ ಇಬ್ಬರೂ ನಡೆದು ಮನೆಗೆ ಬರುವುದು. ಅಮ್ಮ ಉಗ್ರಾಣಕ್ಕೆ ಹೋದರೆ ಚೂಟಿ ಎಂಟು ಗಂಟೆಯವರೆಗೆ ಒಬ್ಬಳೇ ಬಾಗಿಲು ಹಾಕಿಕೊಂಡು ಕೂರಬೇಕು.

ಸಾಲದ್ದಕ್ಕೆ ಶುಕ್ರವಾರ ಬರುವುದು ಅವಳದೇ ಕ್ಲಾಸು.

ಹಾಗಾಗಿ ಚೂಟಿ ಕೋಣೆಯ ಬೋರ್ಡುಗಳಲ್ಲಿದ್ದದ್ದನ್ನೆಲ್ಲ ನಾಲ್ಕು ಹಾಳೆಗೆ ಇಳಿಸಿಕೊಂಡು ಬಂದಿದ್ದಳು. ಸೋಮವಾರದಿಂದ ಅಮ್ಮನಿಗೆ ಉರು ಹೊಡೆಸುತ್ತಿದ್ದಳು. ಪಾತ್ರೆ ತೊಳೆಯುವಾಗ ಇಸ್ತ್ರಿಪೆಟ್ಟಿಗೆ, ಬಟ್ಟೆ ಮಡಿಸುವಾಗ ತೊಟ್ಟಿಲು.

"ಈಗ ಫೋನ್ ಹೇಳು," ಎಂದಳು ಚೂಟಿ.

"ಫೋನಾ... ಆ ಫೋನ್ ಅಂದ್ರೆ ನನಗೆ ಆ ನರ್ಸಮ್ಮ ನೆನಪಾಗ್ತಾರೆ ಕಣೆ. ಒಂದಿನ ಏನಾಯ್ತು ಅಂದ್ರೆ..."

"ಅದೆಲ್ಲ ಬೇಡಮ್ಮ. ಧ್ವನಿಯನ್ನು ತಂತಿಯ ಮೂಲಕ ದೂರಕ್ಕೆ ಕಳುಹಿಸುವ ಯಂತ್ರ. ಹೇಳು."

ಅಮ್ಮ ಕಣ್ಣು ತೆರೆದು ಮಗಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮತ್ತೆ ಮುಚ್ಚಿಕೊಂಡಳು. "ಧ್ವನಿಯನ್ನು ತಂತಿಯ ಮೂಲಕ..."

ಮೊದಲು ಹೀಗಿರಲಿಲ್ಲ. ಅಮ್ಮ ಕಾಲು ಟಬ್ಬಿಗೆ ಇಳಿಸಿದ ಕೂಡಲೇ ಚೂಟಿ ಕೇಳುವ ಪ್ರಶ್ನೆ ಒಂದಿತ್ತು. "ಇವತ್ತು ಯಾರು ಬಂದಿದ್ರು?" ಅಮ್ಮ ಅವತ್ತು ಕೋಣೆಗೆ ಬಂದವರಲ್ಲಿ ಒಬ್ಬರನ್ನು ಆರಿಸಿ ಅವರ ವಿಷಯ ಹೇಳುತ್ತಿದ್ದಳು. ಮಗುವನ್ನು ಮಲಗಿಸಲು ತೊಟ್ಟಿಲ ಹತ್ತಿರ ಬಂದು ತಾನೇ ಆಕಳಿಸುತ್ತಾ ನಿಂತ ಅಪ್ಪ, ಬಿಸಿಲಿಗೆ ಒಳಗೆ ಬಂದು ಹೊಲಿಗೆ ಮಷೀನು ರಿಪೇರಿ ಮಾಡಿಕೊಡ್ತೀನಿ ಎಂದು ಹಟ ಹಿಡಿದ ಮುದುಕ, ಹೀಗೆ. ಈ ವಾರ ಚೂಟಿ ಆ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲ. ಟೈಮೇ ಇರಲಿಲ್ಲ.

ಗುರುವಾರ ಸಂಜೆ ಶಾಲೆ ಬಿಟ್ಟ ಮೇಲೆ ಚೂಟಿ ಎದ್ದೆನೋ ಬಿದ್ದೆನೋ ಎಂದು ಮ್ಯೂಸಿಯಂಗೆ ಓಡಿದಳು. ಗೇಟ್ ತಾತ ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಅಮ್ಮನಿಗಿಂತ ಹಳಬರು.

"ಏನ್ ಟೀಚರಮ್ಮ, ನಿನ್ ಸ್ಟೂಡೆಂಟು ಪಾಸಾಗ್ತಾಳಾ?" ಎಂದು ಕೇಳಿದರು.

"ಆಗ್ತಾಳೆ ತಾತ. ಆಗ್ಲೇಬೇಕು."

"ಹೊಸ ನೀರು ಬಂದಾಗ ಹಳೆ ನೀರು ಕೊಚ್ಚಿಕೊಂಡು ಹೋಗುತ್ತೆ ಮಗಾ," ಎಂದರು ತಾತ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಚೂಟಿ ಒಂದು ಉಪಾಯ ಮಾಡಿದ್ದಳು. "ಕೂತು ಹೇಳಿದ್ರೆ ಮರೆತುಹೋಗುತ್ತೆ. ನಡೆದುಕೊಂಡು ಹೇಳಮ್ಮ. ಬಾಗಿಲ ಎಡಗಡೆಯಿಂದ. ಮೊದಲನೇ ಮೇಜು ಕಲ್ಲು, ಎರಡನೇದು ಇಸ್ತ್ರಿ, ಮೂರು ಮಷೀನು, ನಾಲ್ಕು ತೊಟ್ಟಿಲು, ಐದು ಫೋನು. ಸುಮ್ನೆ ಕಾಲು ಹೋದ ಹಾಗೆ ಬಾಯಿ ಹೋಗ್ಲಿ."

ಉಪಾಯ ಫಲಿಸಿತು. ಮೂರನೇ ಸುತ್ತಿಗೆ ಅಮ್ಮ ಒಂದೂ ತಪ್ಪಿಲ್ಲದೆ ಐದು ಮೇಜನ್ನೂ ಮುಗಿಸಿದಳು. ಮುಗಿಸಿ, ಮೊಣಕಾಲು ಹಿಡಿದುಕೊಂಡು ನಕ್ಕಳು. ಚೂಟಿ ಚಪ್ಪಾಳೆ ತಟ್ಟಿದಳು. ಇಬ್ಬರೂ ಕೋಣೆ ಮುಚ್ಚಿಕೊಂಡು ಹೊರಟರು. ಗೇಟಿನ ಹತ್ತಿರ ಇಬ್ಬರು ಬಡಗಿಗಳು ಸುತ್ತಿಗೆ, ಉಳಿ ಇಟ್ಟುಕೊಂಡ ಚೀಲ ಹಿಡಿದು ಎದುರಾದರು. ಯಾಕೆ, ಎಲ್ಲಿಗೆ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಐದನೇ ಕ್ಲಾಸು ಸಾಲಾಗಿ ನಾಲ್ಕನೇ ಕೋಣೆಗೆ ಬಂತು. ಕ್ಲಾಸ್ ಮಿಸ್ ಮುಂದೆ, ಹೊಸ ಮೇಡಂ ಹಿಂದೆ. ಮೇಡಂ ಕೈಯಲ್ಲಿ ಒಂದು ನೋಟ್‌ಬುಕ್ಕು. ಬಾಗಿಲ ಮೇಲೆ ಹೊಸ ಬೋರ್ಡು ತೂಗುತ್ತಿತ್ತು. "ದಯವಿಟ್ಟು ಮುಟ್ಟಿ ನೋಡಿ."

ಚೂಟಿ ಒಳಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಹಗ್ಗ ಇರಲಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಮೇಜುಗಳೂ ತಮ್ಮ ಜಾಗದಲ್ಲಿರಲಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಬೇಕೆಂದು ಬಡಗಿಗಳು ನಿನ್ನೆ ಎಲ್ಲವನ್ನೂ ಸರಿಸಿ ತಿರುಗಿಸಿ ಇಟ್ಟಿದ್ದರು. ಕಲ್ಲು ಇದ್ದ ಕಡೆ ಇಸ್ತ್ರಿಪೆಟ್ಟಿಗೆ. ಇಸ್ತ್ರಿ ಇದ್ದ ಕಡೆ ಫೋನು.

ಅಮ್ಮ ಬಿಳಚಿದ ಜಾಗದಲ್ಲಿ ನೆಟ್ಟಗೆ ನಿಂತಿದ್ದಳು. ಮಕ್ಕಳನ್ನು ನೋಡಿ ಗಂಟಲು ಸರಿಮಾಡಿಕೊಂಡಳು. ಎಡಗಡೆಯ ಮೊದಲನೇ ಮೇಜಿಗೆ ಹೋದಳು. ಮೇಜು ಬದಲಾದದ್ದನ್ನು ಬೆಳಿಗ್ಗೆಯೇ ನೋಡಿದ್ದರೂ, ಕಾಲು ಹೋದ ಹಾಗೆ ಬಾಯಿ ಹೋಯಿತು.

"ಇದು ಧಾನ್ಯವನ್ನು ಹಿಟ್ಟು ಮಾಡಲು ಬಳಸುತ್ತಿದ್ದ ಸಾಧನ," ಎಂದಳು, ಇಸ್ತ್ರಿಪೆಟ್ಟಿಗೆಯ ಮೇಲೆ ಕೈಯಿಟ್ಟು.

ಹಿಂದಿನಿಂದ ಯಾರೋ ಕಿಸಕ್ ಎಂದರು. ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಅವನು ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದುದರಿಂದ ಎಲ್ಲರೂ ಅವನನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಅವನು ಕೈ ಎತ್ತಿದ. "ಆಂಟಿ, ಇಸ್ತ್ರಿ ಮಾಡಿದ್ರೆ ಹಿಟ್ಟು ಬರುತ್ತಾ?"

ಇಡೀ ಕ್ಲಾಸು ನಕ್ಕಿತು. ಚೂಟಿಯ ಪಕ್ಕದಲ್ಲಿದ್ದವಳೂ ನಕ್ಕಳು. ಚೂಟಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಅಮ್ಮ ಗಲಿಬಿಲಿಗೊಂಡು ಮುಂದಿನ ಮೇಜಿಗೆ ತಿರುಗಿದಳು. ಅಷ್ಟರಲ್ಲಿ ಒಂದು ಹುಡುಗಿ ಫೋನಿನ ಕಡೆಗೆ ಕೈ ಚಾಚಿದ್ದಳು.

"ಮುಟ್ಟಬೇಡಿ," ಎಂದಳು ಅಮ್ಮ ಜೋರಾಗಿ.

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪ್ರಶ್ನೆಪತ್ರಿಕೆ ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡನ್ನು ಓದಿದ. ಉಳಿದವರೂ ಓದಿದರು. ಈ ಸಲ ಯಾರೂ ನಗಲಿಲ್ಲ. ಮೇಡಂ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಅಮ್ಮ ಚೂಟಿಯ ಕಡೆ ನೋಡಿದಳು. ಹೋಮ್‌ವರ್ಕ್ ಮರೆತು ಬಂದವರು ಮಿಸ್ ಮುಖ ನೋಡುವಂತೆ ನೋಡಿದಳು.

ಚೂಟಿಯ ಕೈಯಲ್ಲಿ ನಾಲ್ಕು ಹಾಳೆಗಳಿದ್ದವು. "ಇದ್ದಲಿನ ಕೆಂಡದ ಶಾಖದಿಂದ," ಎಂದು ಮೆಲ್ಲಗೆ ಎತ್ತಿಕೊಟ್ಟಳು. ಅಮ್ಮನ ತುಟಿ ಅಲುಗಲಿಲ್ಲ. "ಇದ್ದಲಿನ ಕೆಂಡದ," ಮತ್ತೆ ಅಂದಳು. ಅಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು, ಅಷ್ಟೆ.

ಸಾಯಂಕಾಲ ಟಬ್ಬಿನ ಮುಂದೆ ಎಷ್ಟು ಸರಾಗವಾಗಿ ಮಾತಾಡುತ್ತಿದ್ದ ಅಮ್ಮ ಇವಳು. ಅವಳ ಬಾಯಿ ಕಟ್ಟಿಹಾಕಿದ್ದು ಯಾರು? ಈ ಹಾಳೆಗಳೇ. ಅವನ್ನು ಬರೆದದ್ದು ಯಾರು? ಚೂಟಿಗೆ ಅಳು ಬಂತು. ನುಂಗಿಕೊಂಡಳು. ಹಾಳೆಗಳನ್ನು ಮಡಿಸಿ ಜೇಬಿಗೆ ತುರುಕಿ, ಕ್ಲಾಸಿನಲ್ಲಿ ಎತ್ತುವಂತೆ ಕೈ ಎತ್ತಿದಳು.

"ಅಮ್ಮ, ಆ ಇಸ್ತ್ರಿ ತಾತನ ವಿಷಯ ಹೇಳು."

"ಯಾವ ಇಸ್ತ್ರಿ ತಾತ?" ಎಂದು ಕೇಳಿದ ಪ್ರಶ್ನೆಪತ್ರಿಕೆ. ಬಿಡುತ್ತಾನೆಯೇ ಅವನು?

ಅಮ್ಮ ಮೇಡಂ ಕಡೆ ನೋಡಿದಳು. ಮಗಳ ಕಡೆ ನೋಡಿದಳು. ಆಮೇಲೆ ಇಸ್ತ್ರಿಪೆಟ್ಟಿಗೆ ಕಡೆ ನೋಡಿದಳು.

"ಅದು... ಒಬ್ರು ತಾತ ಇದಾರೆ," ಎಂದಳು. "ಪ್ರತಿ ತಿಂಗಳು ಮೊದಲನೇ ಮಂಗಳವಾರ ಬರ್ತಾರೆ. ಬಂದು ಇದರ ಮುಂದೆ ನಿಂತು ಬೈತಾರೆ."

"ಇಸ್ತ್ರಿಪೆಟ್ಟಿಗೇನಾ?"

"ಹೂಂ. ಅವರ ಅಪ್ಪ ಬೀದೀಲಿ ಮನೆ ಮನೆ ಬಟ್ಟೆ ಇಸ್ತ್ರಿ ಮಾಡ್ತಿದ್ರಂತೆ. ಈ ತಾತ ಆಗ ನಿಮಗಿಂತ ಚಿಕ್ಕೋರು. ಓಡಿಬಂದು ಪೆಟ್ಟಿಗೆಗೆ ಕೈ ತಗುಲಿಸ್ಕೊಂಡ್ರಂತೆ. ಇಲ್ಲಿಂದ ಇಲ್ಲಿವರೆಗೂ ಗುರುತಿದೆ." ಅಮ್ಮ ಮುಂಗೈ ತೋರಿಸಿದಳು. "ಅಂಗಿ ತೋಳು ಮಡಚಿ ತೋರಿಸಿ, 'ನೋಡಮ್ಮ, ಇದು ಆ ಪೆಟ್ಟಿಗೆ ಅಲ್ಲ, ಅದರ ಅಣ್ಣ. ಮುಖ ನೋಡಿದ್ರೇ ಗೊತ್ತಾಗುತ್ತೆ, ಮನೆತನವೇ ಅಂಥದ್ದು' ಅಂತಾರೆ. ಬೈದು ಮುಗಿಸಿ, ಹೋಗೋವಾಗ ಅದಕ್ಕೆ ಕೈಮುಗಿದು ಹೋಗ್ತಾರೆ."

ಮಕ್ಕಳು ನಕ್ಕರು. ಇದು ಬೇರೆ ನಗು. ಇಬ್ಬರು ಮುಂದೆ ಬಂದು ಪೆಟ್ಟಿಗೆಯ ಹಿಡಿ ಹಿಡಿದು ಎತ್ತಲು ನೋಡಿದರು. "ಅಬ್ಬಾ, ಎಷ್ಟು ಭಾರ," ಎಂದರು. ಅಮ್ಮನ ಕೈ ತಾನಾಗಿ ಮೇಲೆದ್ದಿತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಆಂಟಿ, ಈ ಫೋನ್ ಯಾರದು?"

ಮಕ್ಕಳು ಅಷ್ಟರಲ್ಲಿ ಸುತ್ತ ನೆಲದ ಮೇಲೆ ಕೂತಿದ್ದರು.

"ಯಾರದೋ ಗೊತ್ತಿಲ್ಲ. ಒಬ್ರು ನರ್ಸಮ್ಮ ಇದನ್ನ ನೋಡೋಕೆ ಬರ್ತಿದ್ರು. ಆಸ್ಪತ್ರೆ ಡ್ಯೂಟಿ ಮುಗಿಸ್ಕೊಂಡು, ಅದೇ ಬಟ್ಟೇಲಿ. ಬೇರೇನೂ ನೋಡ್ತಿರ್ಲಿಲ್ಲ. ಒಂದಿನ, 'ಒಂದ್ಸಲ ತಿರುಗಿಸ್ಲಾ?' ಅಂತ ಕೇಳಿದ್ರು. ಅವರ ತಾಯಿ ಮನೇಲಿ ಇಂಥದ್ದೇ ಇತ್ತಂತೆ. ತಾಯಿ ತೀರಿಕೊಂಡ್ರು, ಮನೆ ಹೋಯ್ತು, ಫೋನೂ ಹೋಯ್ತು. 'ಆ ನಂಬರ್ ಹೇಳು ಅಂದ್ರೆ ನನ್ನ ಬಾಯಿಗೆ ಬರಲ್ಲ, ಆದ್ರೆ ಬೆರಳಿಗೆ ನೆನಪಿದೆ' ಅಂದ್ರು."

"ನೀವು ಬಿಟ್ರಾ?"

"ಇಲ್ಲ," ಎಂದಳು ಅಮ್ಮ. "ಮುಟ್ಟಬೇಡಿ ಅಂದೆ."

ಕೈ ಚಾಚಿದ್ದ ಹುಡುಗಿಯ ಕಡೆ ನೋಡಿ ಅಮ್ಮ ಮುಂದುವರಿಸಿದಳು.

"ಅವರು ಜಗಳ ಆಡ್ಲಿಲ್ಲ. ಹಗ್ಗದ ಈಚೆ ನಿಂತು ಗಾಳೀಲೇ ತಿರುಗಿಸಿದ್ರು. ಐದು ನಂಬರು. ಕೊನೇದು ಸೊನ್ನೆ ಇರ್ಬೇಕು, ಬೆರಳು ಪೂರ್ತಿ ಒಂದು ಸುತ್ತು ಬಂತು. ಆಮೇಲೆ ಅವರು ಬರ್ಲೇ ಇಲ್ಲ. ಒಂದು ವರ್ಷ ಆಯ್ತೇನೋ." ಅಮ್ಮ ಫೋನಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು. "ಅವತ್ತು ಬಿಡಬೇಕಾಗಿತ್ತು. ಏನು ಹೋಗ್ತಿತ್ತು ನನ್ನ ಗಂಟು?"

ಚೂಟಿ ತಲೆ ತಗ್ಗಿಸಿದಳು. ಬುಧವಾರ ಅಮ್ಮ ಹೇಳಹೊರಟಿದ್ದು ಇದನ್ನೇ.

ಮೊದಲು ಕೈ ಚಾಚಿದ್ದ ಹುಡುಗಿ ಎದ್ದು ಬಂದಳು. ಅಮ್ಮ ತಲೆಯಾಡಿಸಿದಳು. ಹುಡುಗಿ ತೂತಿನಲ್ಲಿ ಬೆರಳಿಟ್ಟು ತಿರುಗಿಸಿದಳು. ಫೋನಿನ ಚಕ್ರ ಕರ್ರ್ ಎಂದು ಹಿಂದಕ್ಕೆ ತಿರುಗಿತು. ಎಲ್ಲರೂ ಸಾಲು ಕಟ್ಟಿ ನಿಂತರು.

ಗಂಟೆ ಹನ್ನೆರಡೂವರೆ ಆದರೂ ಪ್ರಶ್ನೆಪತ್ರಿಕೆ ಮುಗಿದಿರಲಿಲ್ಲ. "ಆಂಟಿ, ನೀವ್ಯಾಕೆ ಕೂತ್ಕೊಂಡಿಲ್ಲ? ನಾವೆಲ್ಲ ಕೂತಿದೀವಲ್ಲ."

"ಕೂತ್ಕೊಳ್ಳೋ ಹಾಗಿಲ್ಲಪ್ಪ. ರೂಲು."

"ಯಾರ ರೂಲು?"

ಅಮ್ಮ ಮೇಡಂ ಕಡೆ ತಿರುಗಿದಳು. ಅವರು ನೆಲದ ಮೇಲಿನ ಎರಡು ಬಿಳಚಿದ ಗುರುತುಗಳನ್ನು ನೋಡುತ್ತಿದ್ದರು.

ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಚೂಟಿ ಬಾಗಿಲ ಹತ್ತಿರ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ತಡ ಮಾಡಿದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

"ಇವನ್ನೆಲ್ಲ ಎಲ್ಲಿ ಓದಿದ್ರಿ?" ಮೇಡಂ ಕೇಳುತ್ತಿದ್ದರು.

"ಓದಿಲ್ಲ ಮೇಡಂ. ಇಲ್ಲೇ ನಿಂತಿದ್ನಲ್ಲ, ಕೇಳಿಸ್ತು."

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹತ್ತಿರದಿಂದ ನೋಡಿದರೆ ಅವರ ಕಣ್ಣ ಕೆಳಗೂ ಅಮ್ಮನ ಹಾಗೆಯೇ ಕಪ್ಪಾಗಿತ್ತು. "ಉಗ್ರಾಣದ ಆರ್ಡರ್ ಈ ತಿಂಗಳು ಬರೆಯೋದಿಲ್ಲ," ಎಂದರು. "ಮುಂದಿನ ತಿಂಗಳು ಮೇಲಿನವರು ಏನಂತಾರೋ ನನಗೂ ಗೊತ್ತಿಲ್ಲ. ಒಂದು ಕುರ್ಚಿ ಹಾಕಿಸ್ತೀನಿ. ಅಷ್ಟು ನನ್ನ ಕೈಯಲ್ಲಿದೆ."

ಸೋಮವಾರ ಕುರ್ಚಿ ಬಂದಿತ್ತು. ಬೆತ್ತದ್ದು, ಒಂದು ಕೈ ಸ್ವಲ್ಪ ಅಲ್ಲಾಡುತ್ತಿತ್ತು. ಬೆಳಿಗ್ಗೆಯಿಂದ ಅಮ್ಮ ಅದರ ತುದಿಯಲ್ಲಿ, ಯಾರಾದರೂ ಬಂದರೆ ಏಳಬೇಕು ಎನ್ನುವ ಹಾಗೆ ಕೂತಿದ್ದಳಂತೆ. ಗೇಟ್ ತಾತ ಹೇಳಿದರು. ಚೂಟಿ ನಾಲ್ಕು ಗಂಟೆಗೆ ಕೋಣೆಗೆ ಬಂದಾಗ ಅಮ್ಮ ಪೂರ್ತಿ ಒರಗಿದ್ದಳು. ಕತ್ತು ಒಂದು ಕಡೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ನಿದ್ದೆ. ಆ ಹಳೇ ಸಾಹೇಬರು ಹೇಳಿದ್ದು ನಿಜವೇ ಆಗಿತ್ತು.

ಮೇಡಂ ಬಂದುಬಿಟ್ಟರೆ? ಚೂಟಿ ಎಬ್ಬಿಸಲು ಹೋದವಳು, ಅಮ್ಮನ ಊದಿದ ಕಾಲು ನೋಡಿ ನಿಂತಳು. ಚೀಲ ಇಳಿಸಿದಳು. ಬಾಗಿಲ ಪಕ್ಕಕ್ಕೆ ಹೋಗಿ, ಬಿಳಚಿದ ಜಾಗದಲ್ಲಿ ತಾನೇ ನಿಂತುಕೊಂಡಳು. ಅವಳ ಬೂಟು ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿಯಿತು.

ಹತ್ತು ನಿಮಿಷಕ್ಕೆ ಹಿಮ್ಮಡಿ ನೋಯತೊಡಗಿತು. ಅರ್ಧ ಗಂಟೆಗೆ ಸೊಂಟ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ಹಾಗೆ ಮಾಡಿದ ಮೇಲೆ, ಅಮ್ಮ ಯಾವಾಗಲೂ ಹಾಗೆ ಮಾಡುತ್ತಿದ್ದುದು ನೆನಪಾಯಿತು.

ಹೆಜ್ಜೆ ಸದ್ದಾಯಿತು. ಆಸ್ಪತ್ರೆಯ ಬಿಳಿ ಬಟ್ಟೆ ತೊಟ್ಟ ಒಬ್ಬ ಹೆಂಗಸು ಒಳಗೆ ಬಂದಳು. ಅತ್ತಿತ್ತ ನೋಡಿ, ಫೋನು ಕಂಡ ಕೂಡಲೇ ಅದರ ಕಡೆಗೆ ನಡೆದಳು. ಮೇಜಿಗೆ ಎರಡಡಿ ದೂರದಲ್ಲಿ, ಅಲ್ಲಿ ಇನ್ನೂ ಹಗ್ಗ ಇದೆಯೋ ಎಂಬಂತೆ ನಿಂತಳು. ಅವಳ ಬಲಗೈ ಬೆರಳು ಗಾಳಿಯಲ್ಲಿ ಮೆಲ್ಲಗೆ ತಿರುಗಿತು.

ಚೂಟಿ ಅಮ್ಮನನ್ನು ನೋಡಿದಳು. ಎಬ್ಬಿಸಲೇ? ಅಮ್ಮ ಉಸಿರೆಳೆದು ಬಿಡುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

ಚೂಟಿ ಹೆಂಗಸಿನ ಹತ್ತಿರ ಹೋದಳು. "ಈಗ ಹಗ್ಗ ಇಲ್ಲ," ಎಂದಳು ಪಿಸುದನಿಯಲ್ಲಿ. "ಮುಟ್ಟಬಹುದು."

ಹೆಂಗಸು ತಿರುಗಿ ನೋಡಿದಳು. "ನೀನು ಯಾರಮ್ಮ?"

"ನಾನು... ಇಲ್ಲಿ ನಿಂತಿದೀನಿ."

ಹೆಂಗಸು ಕುರ್ಚಿಯಲ್ಲಿ ಮಲಗಿದ್ದವಳನ್ನು ನೋಡಿದಳು. ಗುರುತು ಸಿಕ್ಕಿತು. "ಎಬ್ಬಿಸಬೇಡ," ಎಂದಳು.

ಅವಳು ಫೋನಿನ ಹತ್ತಿರ ಹೋಗಿ, ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಒಂದೊಂದಾಗಿ ನಂಬರು ತಿರುಗಿಸಿದಳು. ಚೂಟಿ ಎಣಿಸಿದಳು. ಐದನೆಯದಕ್ಕೆ ಬೆರಳು ಪೂರ್ತಿ ಸುತ್ತು ಹೋಗಿ, ಚಕ್ರ ಕರ್ರ್ ಎನ್ನುತ್ತಾ ನಿಧಾನವಾಗಿ ಹಿಂದಕ್ಕೆ ಬಂತು. ಹೆಂಗಸು ತಂತಿಯೇ ಇಲ್ಲದ ಫೋನನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಇಟ್ಟು, ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು, ಚೂಟಿಯ ಕೆನ್ನೆ ಸವರಿ ಹೊರಟಳು.

ಸಾಯಂಕಾಲ ಅಮ್ಮ ನೀಲಿ ಟಬ್ಬಿಗೆ ಬಿಸಿನೀರು ಹಾಕಿ, ಉಪ್ಪು ಹಾಕಿ, ಕಾಲಿಳಿಸಿ ಕೂತಳು. "ಎಂಥಾ ನಿದ್ದೆ ಹೊಡೆದುಬಿಟ್ಟೆ ನೋಡು," ಎಂದಳು ನಾಚಿಕೆಯಿಂದ. ಆಮೇಲೆ ಗೋಡೆಗೆ ಒರಗಿ ಕೇಳಿದಳು. "ನಾನು ಮಲಗಿದ್ದಾಗ ಯಾರು ಬಂದಿದ್ರು?"

ಚೂಟಿ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ತನ್ನ ಕಾಲನ್ನೂ ಟಬ್ಬಿಗೆ ಇಳಿಸಿದಳು. ಜಾಗ ಸಾಲದೆ ಅಮ್ಮ ಒಂದು ಕಾಲು ಸರಿಸಿದಳು. ನೀರು ಹಿಮ್ಮಡಿಗೆ ಹಾಯೆನಿಸಿತು. ಚೂಟಿ ನಿಧಾನವಾಗಿ, ಒಂದನ್ನೂ ಬಿಡದೆ ಎಲ್ಲ ಹೇಳಿದಳು.

ಅಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಕೊನೇ ಸೊನ್ನೇನೂ ತಿರುಗಿಸಿದ್ರಾ?"

"ತಿರುಗಿಸಿದ್ರು. ಅದು ವಾಪಸ್ ಬರೋಕೆ ತುಂಬಾ ಹೊತ್ತು ತಗೊಳ್ತು."

"ಹೂಂ," ಎಂದಳು ಅಮ್ಮ. "ತಗೊಳ್ಳುತ್ತೆ."

ನೀರು ತಣ್ಣಗಾಗುವವರೆಗೂ ಇಬ್ಬರೂ ಕಾಲು ತೆಗೆಯಲಿಲ್ಲ.